ಇಲ್ಲಸ್ಟ್ರಿಸ್ ಟಿಎನ್‌ಜಿ ಬಳಸಿ ನೋಡಿದೆ: ಗ್ಯಾಲಕ್ಸಿ ನಡುವಿನ ಒಲೆ ಯಾಕೆ ಆರುವುದಿಲ್ಲ

ಇಲ್ಲಸ್ಟ್ರಿಸ್ ಟಿಎನ್‌ಜಿ ಅಂದರೆ ವಿಜ್ಞಾನಿಗಳು ಕಂಪ್ಯೂಟರಿನೊಳಗೆ ಬೆಳೆಸಿದ ವಿಶ್ವ, ಅದರ ಡೇಟಾ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ. ನಾಲ್ಕು ತಿಂಗಳಿಂದ ಇದನ್ನು ಬಳಸುತ್ತಿದ್ದೇನೆ. ದಿನಾ ಅಲ್ಲ, ವಾರಕ್ಕೆ ಎರಡು ಮೂರು ರಾತ್ರಿ, ಊಟ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ. ಖರ್ಚು ಸೊನ್ನೆ. ಇಷ್ಟು ದೊಡ್ಡ ಕೆಲಸವನ್ನು ಯಾರು ಬೇಕಾದರೂ ತೆರೆದು ನೋಡಲಿ ಅಂತ ಇಟ್ಟಿದ್ದಾರೆ. ಸ್ವಲ್ಪ ಪೈಥಾನ್ ಗೊತ್ತಿದ್ದರೆ ಸಾಕು, ಅದೂ ಇಲ್ಲದಿದ್ದರೂ ಒಂದಿಷ್ಟು ದೂರ ಹೋಗಬಹುದು. ನನಗೆ ಇದರಿಂದ ಆದ ಲಾಭ ದೊಡ್ಡದು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಶುರುವಾದದ್ದು ಅಕ್ಕನ ಮಗಳಿಂದ. ಪಿಯುಸಿ ಓದುತ್ತಿದ್ದಾಳೆ. ಒಂದು ದಿನ ಫೋನ್ ಮಾಡಿ ಕೇಳಿದಳು, "ಮಾಮ, ಗ್ಯಾಲಕ್ಸಿ ನಡುವಿನ ಬ್ಲ್ಯಾಕ್ ಹೋಲ್ ಹೊಸ ನಕ್ಷತ್ರ ಹುಟ್ಟೋದನ್ನ ನಿಲ್ಲಿಸಿಬಿಡುತ್ತೆ ಅಂತ ಓದಿದೆ. ಇರೋ ಗ್ಯಾಸ್ ಎಲ್ಲಾ ಅದೇ ನುಂಗಿಬಿಡುತ್ತಾ?" ನಾನು "ಹಾಗೇ ಇರಬೇಕು ಕಣೆ" ಅಂದೆ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಹುಡುಕಿ ಓದಿದೆ. ನಾನು ಹೇಳಿದ್ದು ತಪ್ಪು. ಬ್ಲ್ಯಾಕ್ ಹೋಲ್, ಅಂದರೆ ಕಪ್ಪುಕುಳಿ, ನುಂಗುವುದು ತೀರಾ ಕಡಿಮೆ. ಅದು ಮಾಡುವ ಕೆಲಸವೇ ಬೇರೆ, ಸುತ್ತಲಿನ ಅನಿಲವನ್ನು ತಣ್ಣಗಾಗಲು ಬಿಡುವುದಿಲ್ಲ.

ಹಾಲಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಕಾದ ಹಾಲು ಆರಿ ಉಗುರು ಬೆಚ್ಚಗಾಗಬೇಕು, ಆಮೇಲೆ ಹೆಪ್ಪು. ಕುದಿಯುವ ಹಾಲಿಗೆ ಎಷ್ಟು ಮಜ್ಜಿಗೆ ಹಾಕಿದರೂ ಮೊಸರಾಗುವುದಿಲ್ಲ. ನಕ್ಷತ್ರದ್ದೂ ಹೆಚ್ಚುಕಡಿಮೆ ಇದೇ ಕಥೆ. ಗ್ಯಾಲಕ್ಸಿಯ ಸುತ್ತ ಲಕ್ಷಗಟ್ಟಲೆ, ಕೆಲವು ಕಡೆ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ತುಂಬಿರುತ್ತದೆ. ಅದು ಶಾಖ ಕಳೆದುಕೊಂಡು, ಒಳಗೆ ಇಳಿದು, ಮೈನಸ್ 260 ಡಿಗ್ರಿಯ ಆಸುಪಾಸಿಗೆ ಬಂದ ಮೇಲೇ ಗಟ್ಟಿಯಾಗಿ ಕುಸಿದು ನಕ್ಷತ್ರ ಆಗುವುದು. ಹಾಲು ಆರುತ್ತಿದೆ ಅನ್ನುವಷ್ಟರಲ್ಲಿ ಯಾರೋ ಬಂದು ಮತ್ತೆ ಒಲೆ ಹಚ್ಚಿದರೆ? ಆ ಒಲೆ ಹಚ್ಚುವ ಕೈ ಕಪ್ಪುಕುಳಿಯದು.

ಇಷ್ಟನ್ನು ಓದಿ ತಿಳಿದುಕೊಂಡೆ. ಆದರೆ ಓದಿದ್ದು ಬೇರೆ, ಕಣ್ಣಾರೆ ನೋಡುವುದು ಬೇರೆ, ಅಲ್ವಾ? ಒಂದು ಗ್ಯಾಲಕ್ಸಿಯಲ್ಲಿ ಈ ಬದಲಾವಣೆ ಆಗಲು ಕೋಟಿ ಕೋಟಿ ವರ್ಷ ಬೇಕು. ದೂರದರ್ಶಕಕ್ಕೆ ಸಿಗುವುದು ಒಂದು ಗ್ಯಾಲಕ್ಸಿಯ ಒಂದೇ ಕ್ಷಣದ ಫೋಟೋ. ಇಡೀ ಜೀವನ ನೋಡಬೇಕಾದರೆ ಸಿಮ್ಯುಲೇಶನ್ನೇ, ಅಂದರೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಕಟ್ಟಿದ ನಕಲೇ ಗತಿ. ಹಾಗೆ ಹುಡುಕುತ್ತಾ ಸಿಕ್ಕಿದ್ದು ಇಲ್ಲಸ್ಟ್ರಿಸ್ ಟಿಎನ್‌ಜಿ.

ಇದು ಕಂಪ್ಯೂಟರಿನೊಳಗೆ ಬೆಳೆಸಿದ ವಿಶ್ವದ ಒಂದು ತುಂಡು. ಜರ್ಮನಿಯ ವೋಲ್ಕರ್ ಸ್ಪ್ರಿಂಗೆಲ್ ಮುಂದಾಳತ್ವದಲ್ಲಿ, ಅನ್ನಾಲಿಸಾ ಪಿಲ್ಲೆಪಿಚ್, ಡೈಲನ್ ನೆಲ್ಸನ್ ಮುಂತಾದವರು ಸೇರಿ ಮಾಡಿದ್ದು. ಮೂರು ಪೆಟ್ಟಿಗೆಗಳಿವೆ. ಟಿಎನ್‌ಜಿ50 ಅನ್ನುವುದರ ಒಂದು ಬದಿ ಸುಮಾರು 17 ಕೋಟಿ ಜ್ಯೋತಿರ್ವರ್ಷ, ಟಿಎನ್‌ಜಿ100ರದ್ದು 36 ಕೋಟಿ, ಟಿಎನ್‌ಜಿ300ರದ್ದು ಹತ್ತಿರ ಹತ್ತಿರ 100 ಕೋಟಿ. ಚಿಕ್ಕ ಪೆಟ್ಟಿಗೆಯಲ್ಲಿ ವಿವರ ಜಾಸ್ತಿ, ದೊಡ್ಡದರಲ್ಲಿ ಗ್ಯಾಲಕ್ಸಿಗಳು ಜಾಸ್ತಿ. ಸ್ಟುಟ್‌ಗಾರ್ಟ್‌ನ ಹೇಜಲ್ ಹೆನ್ ಅನ್ನುವ ಸೂಪರ್‌ಕಂಪ್ಯೂಟರಿನಲ್ಲಿ ಟಿಎನ್‌ಜಿ50 ಒಂದಕ್ಕೇ 16,320 ಕೋರ್‌ಗಳು ವರ್ಷದ ಹತ್ತಿರ ಹಗಲು ರಾತ್ರಿ ಕೆಲಸ ಮಾಡಿವೆ. ಅದರ ಫಲ ಪೂರ್ತಿ ನಮ್ಮ ಮುಂದಿದೆ: 2018ರ ಡಿಸೆಂಬರಿನಲ್ಲಿ ದೊಡ್ಡ ಎರಡು ಪೆಟ್ಟಿಗೆ, 2021ರಲ್ಲಿ ಚಿಕ್ಕದು.

ಹೆಸರು ನೋಂದಾಯಿಸಿ, ಯಾಕೆ ಬೇಕು ಅಂತ ಎರಡು ಸಾಲು ಬರೆಯಬೇಕು. ನಾನು ಯಾವ ಸಂಸ್ಥೆಯವನೂ ಅಲ್ಲ, ಸ್ವಂತ ಕಲಿಕೆಗೆ ಅಂತಲೇ ಬರೆದೆ, ಒಪ್ಪಿಗೆ ಸಿಕ್ಕಿತು. ಒಂದು ಎಪಿಐ ಕೀ ಕೊಡುತ್ತಾರೆ, ಅಂದರೆ ನಮ್ಮ ಕೋಡ್ ನೇರವಾಗಿ ಅವರ ಡೇಟಾ ಕೇಳಿ ತರಿಸಿಕೊಳ್ಳಲು ಬೇಕಾದ ಗುಪ್ತಪದ.

ಆಮೇಲೆ ಮಾಡಬೇಕಾದ್ದಕ್ಕಿಂತ ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ಎಲ್ಲಾ ಇಳಿಸಿಕೊಳ್ಳುತ್ತೇನೆ ಅಂತ ಹೊರಡಬೇಡಿ. 'ಸ್ನ್ಯಾಪ್‌ಶಾಟ್' ಅಂದರೆ ಒಂದು ಕ್ಷಣದ ಇಡೀ ಪೆಟ್ಟಿಗೆಯ ಚಿತ್ರ. ಅಂಥವು 100 ಇವೆ, 0ರಿಂದ 99ರವರೆಗೆ. ಟಿಎನ್‌ಜಿ100ರ ಒಂದೇ ಪೂರ್ತಿ ಸ್ನ್ಯಾಪ್‌ಶಾಟ್ ಒಂದೂವರೆ ಟೆರಾಬೈಟ್‌ಗಿಂತ ದೊಡ್ಡದು. ನನ್ನ ಲ್ಯಾಪ್‌ಟಾಪಿನ ಡಿಸ್ಕ್ 512 ಜಿಬಿ. ಮೊದಲ ರಾತ್ರಿ ಇದನ್ನು ನೋಡದೆ ಒಂದರ ತುಂಡುಗಳನ್ನು ಇಳಿಸಲು ಬಿಟ್ಟು ಮಲಗಿದೆ, ಬೆಳಗ್ಗೆ ಎದ್ದರೆ ಡಿಸ್ಕ್ ತುಂಬಿ ಕಂಪ್ಯೂಟರೇ ನಿಂತಿತ್ತು. ಬೇಕಾಗಿದ್ದದ್ದು ಅದಲ್ಲ. 'ಗ್ರೂಪ್ ಕ್ಯಾಟಲಾಗ್' ಅಂತ ಇದೆ, ಪ್ರತಿ ಗ್ಯಾಲಕ್ಸಿಗೂ ಒಂದೊಂದು ಸಾಲು: ನಕ್ಷತ್ರಗಳ ತೂಕ, ಅನಿಲದ ತೂಕ, ಕಪ್ಪುಕುಳಿಯ ತೂಕ, ವರ್ಷಕ್ಕೆ ಎಷ್ಟು ಸೂರ್ಯರಷ್ಟು ಹೊಸ ನಕ್ಷತ್ರ ಹುಟ್ಟುತ್ತಿದೆ. ಅದೂ ಬೇಡ ಅಂದರೆ ಎಪಿಐನಲ್ಲಿ ಒಂದು ಗ್ಯಾಲಕ್ಸಿಯನ್ನಷ್ಟೇ ಕತ್ತರಿಸಿ ತರಿಸಿಕೊಳ್ಳಬಹುದು. ಇನ್ನೂ ಚೆನ್ನಾಗಿರುವುದು ಅಂದರೆ ಅವರ ಜುಪಿಟರ್ ಲ್ಯಾಬ್. ಬೇಕು ಅಂತ ಕೇಳಿಕೊಂಡರೆ ಅವರ ಕಂಪ್ಯೂಟರಿನಲ್ಲೇ, ಡೇಟಾ ಇರುವ ಜಾಗದಲ್ಲೇ ನಮ್ಮ ಕೋಡ್ ಓಡಿಸಲು ಬಿಡುತ್ತಾರೆ. ಊರಿನ ಇಂಟರ್ನೆಟ್ ಮಳೆ ಬಂದರೆ ಹೋಗುತ್ತದೆ, ಅಂಥ ಕಡೆ ಕೂತವರಿಗೆ ಇದು ದೊಡ್ಡ ಉಪಕಾರ.

ಕೋಡ್ ಬರೆಯಲು ಬಾರದವರಿಗೆ ಬ್ರೌಸರ್‌ನಲ್ಲೇ ಗ್ರಾಫ್ ಹಾಕುವ ಜಾಗ ಇದೆ. ಅಡ್ಡಕ್ಕೆ ಇದು, ಉದ್ದಕ್ಕೆ ಅದು ಅಂತ ಆರಿಸಿದರೆ ಗ್ರಾಫ್ ಬರುತ್ತದೆ. ಒಂದೊಂದು ಗ್ಯಾಲಕ್ಸಿಯ ಅನಿಲದ ತಾಪ, ನಕ್ಷತ್ರಗಳ ಬೆಳಕು ಎಲ್ಲವನ್ನೂ ಚಿತ್ರವಾಗಿ ತೆಗೆಯಲೂಬಹುದು. ಅಕ್ಕನ ಮಗಳು ಶುರು ಮಾಡಿದ್ದು ಇಲ್ಲಿಂದಲೇ.

ನನ್ನ ಮೊದಲ ಗ್ರಾಫ್ ಬಗ್ಗೆ ಹೇಳಲೇಬೇಕು. ಅಡ್ಡಕ್ಕೆ ಕಪ್ಪುಕುಳಿಯ ತೂಕ, ಉದ್ದಕ್ಕೆ ನಕ್ಷತ್ರ ಹುಟ್ಟುವ ವೇಗ, ಎರಡೂ ಲಾಗ್ ಅಳತೆಯಲ್ಲಿ, ಅಂದರೆ ಒಂದೊಂದು ಹೆಜ್ಜೆಗೂ ಹತ್ತು ಪಟ್ಟು ಏರುವ ಅಳತೆ. ಸ್ನ್ಯಾಪ್‌ಶಾಟ್ 99, ಅಂದರೆ ಇವತ್ತಿನ ವಿಶ್ವ. ಕಪ್ಪುಕುಳಿ ದೊಡ್ಡದಾದ ಕಡೆ ನಕ್ಷತ್ರ ಹುಟ್ಟುವುದು ಕುಸಿಯಬೇಕು ಅಂತ ಕಾದರೆ, ದೊಡ್ಡ ಕಪ್ಪುಕುಳಿಗಳ ಜಾಗದಲ್ಲಿ ಚುಕ್ಕಿಗಳೇ ಕಡಿಮೆ. ಇದ್ದ ಕೆಲವೂ ಮಾಮೂಲಿನ ಹಾಗೆ ನಕ್ಷತ್ರ ಹುಟ್ಟಿಸುತ್ತಿದ್ದವು. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಪೂರ್ತಿ ನಿಂತುಹೋದ ಗ್ಯಾಲಕ್ಸಿಗಳಲ್ಲಿ ಆ ವೇಗ ಸೊನ್ನೆ ಅಂತ ದಾಖಲಾಗಿದೆ, ಸೊನ್ನೆಗೆ ಲಾಗ್ ಇಲ್ಲ, ಹಾಗಾಗಿ ಗ್ರಾಫ್ ಅವನ್ನು ಸದ್ದಿಲ್ಲದೆ ಕೈಬಿಟ್ಟಿದೆ. ಅಂದರೆ ನಾನು ಹುಡುಕುತ್ತಿದ್ದ ಗ್ಯಾಲಕ್ಸಿಗಳೇ, ಕಪ್ಪುಕುಳಿ ತನ್ನ ಕೆಲಸ ಮುಗಿಸಿದ ಗ್ಯಾಲಕ್ಸಿಗಳೇ, ಚಿತ್ರದಿಂದ ಮಾಯವಾಗಿದ್ದವು! ಸೊನ್ನೆಗಳಿಗೆಲ್ಲ ಒಂದು ತೀರಾ ಚಿಕ್ಕ ಅಂಕಿ ಕೊಟ್ಟು ಮತ್ತೆ ಹಾಕಿದೆ. ಗ್ರಾಫಿನ ಬಲಗಡೆ ಕೆಳಗೆ ಚುಕ್ಕಿಗಳ ದೊಡ್ಡ ರಾಶಿ ಬಂದು ಬಿತ್ತು. ಎಡಗಡೆ ಮೇಲೆ ಹುಟ್ಟಿಸುತ್ತಿರುವವು, ಬಲಗಡೆ ಕೆಳಗೆ ನಿಂತುಹೋದವು, ನಡುವೆ ಒಂದು ಕಡಿದಾದ ಇಳಿಜಾರು. ಇಳಿಜಾರು ಇರುವುದು ಕಪ್ಪುಕುಳಿಯ ತೂಕ ಸುಮಾರು 16 ಕೋಟಿ ಸೂರ್ಯರಷ್ಟಾದ ಹತ್ತಿರ. ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಸುಳ್ಳಲ್ಲ.

ಆಮೇಲೆ ಒಂದೇ ಗ್ಯಾಲಕ್ಸಿ ಹಿಡಿದು ಹಿಂದಕ್ಕೆ ಹೋದೆ. ಇದಕ್ಕೆ 'ಮರ್ಜರ್ ಟ್ರೀ' ಅಂತ ಇದೆ, ನಮ್ಮ ವಂಶವೃಕ್ಷದ ಹಾಗೆ. ಇವತ್ತಿನ ಗ್ಯಾಲಕ್ಸಿ ನಿನ್ನೆ ಯಾವುದಾಗಿತ್ತು, ಅದರೊಳಗೆ ಯಾವ ಯಾವ ಚಿಕ್ಕ ಗ್ಯಾಲಕ್ಸಿಗಳು ಬಂದು ಸೇರಿದವು, ಎಲ್ಲಾ ಸಿಗುತ್ತದೆ. ನಾನು ಆರಿಸಿದ್ದು ನಮ್ಮ ಆಕಾಶಗಂಗೆಗಿಂತ ಸ್ವಲ್ಪ ಭಾರದ, ಈಗ ಹೊಸ ನಕ್ಷತ್ರ ಹುಟ್ಟಿಸದೆ ಕೆಂಪಗೆ ಸುಮ್ಮನಿರುವ ಒಂದು ಗ್ಯಾಲಕ್ಸಿ. ಸ್ನ್ಯಾಪ್‌ಶಾಟ್ 33ರಲ್ಲಿ, ಅಂದರೆ 1,000 ಕೋಟಿ ವರ್ಷಕ್ಕೂ ಹಿಂದೆ, ಅದು ವರ್ಷಕ್ಕೆ ಹತ್ತಾರು ಸೂರ್ಯರಷ್ಟು ನಕ್ಷತ್ರ ಹುಟ್ಟಿಸುತ್ತಿತ್ತು. ಈಗಿನ ಆಕಾಶಗಂಗೆಯಲ್ಲಿ ಆಗುವುದು ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಮಾತ್ರ. ಆಗ ಕಪ್ಪುಕುಳಿಯೂ ಚೆನ್ನಾಗಿ ತಿನ್ನುತ್ತಿತ್ತು, ತೂಕ ಬೇಗ ಬೇಗ ಏರುತ್ತಿತ್ತು. ಆಶ್ಚರ್ಯ ಅಂದರೆ, ಅದು ಹೊಟ್ಟೆಬಾಕನ ಹಾಗೆ ತಿನ್ನುತ್ತಿದ್ದ ಆ ಕಾಲದಲ್ಲಿ ಗ್ಯಾಲಕ್ಸಿಗೆ ಏನೂ ಆಗಲಿಲ್ಲ. ನಕ್ಷತ್ರಗಳು ಅವುಗಳ ಪಾಡಿಗೆ ಹುಟ್ಟುತ್ತಲೇ ಇದ್ದವು. ತಿನ್ನುವುದು ನಿಧಾನ ಆಯಿತಲ್ಲ, ಆಗ ಶುರುವಾಯಿತು ತೊಂದರೆ. ಸ್ನ್ಯಾಪ್‌ಶಾಟ್ ಒಂದೊಂದಾಗಿ ಮುಂದೆ ತಳ್ಳಿದೆ. ತೂಕದ ಗೆರೆ ಹೆಚ್ಚುಕಡಿಮೆ ಚಪ್ಪಟೆ ಆಯಿತು, ಅದೇ ಹೊತ್ತಿಗೆ ನಕ್ಷತ್ರ ಹುಟ್ಟುವ ಗೆರೆ ಕೆಳಗೆ ಬಾಗಿತು, ಮತ್ತೆ ಮೇಲೇಳಲಿಲ್ಲ.

ಯಾಕೆ ಹೀಗೆ? ಇದಕ್ಕೆ ಅವರು ಕಪ್ಪುಕುಳಿಗೆ ಬರೆದ ನಿಯಮ ನೋಡಬೇಕು, ಈ ಸೇವೆಯ ತಿರುಳು ಇರುವುದೇ ಅಲ್ಲಿ. ಟಿಎನ್‌ಜಿಯಲ್ಲಿ ಕಪ್ಪುಕುಳಿ ಎರಡು ಥರ ನಡೆದುಕೊಳ್ಳುತ್ತದೆ. ಜೋರಾಗಿ ತಿನ್ನುವಾಗ, ತಿಂದ ಅನಿಲದ ದ್ರವ್ಯಶಕ್ತಿಯಲ್ಲಿ (ಅದರ ತೂಕವೆಲ್ಲ ಶಕ್ತಿಯಾದರೆ ಸಿಗುವಷ್ಟರಲ್ಲಿ) ನೂರಕ್ಕೆ 2 ಪಾಲನ್ನು ಸುತ್ತಲಿನ ಅನಿಲಕ್ಕೆ ಶಾಖವಾಗಿ ಸುರಿಯುತ್ತದೆ. ಕೇಳಲು ಭಾರಿ, ಆದರೆ ಅಲ್ಲಿನ ಅನಿಲ ದಟ್ಟವಾಗಿರುತ್ತದೆ, ಕೊಟ್ಟ ಶಾಖವನ್ನು ಬೆಳಕಾಗಿ ಹೊರಗೆ ಚೆಲ್ಲಿ ತಕ್ಷಣ ತಣ್ಣಗಾಗುತ್ತದೆ. ಒದ್ದೆ ಸೌದೆಗೆ ಬೆಂಕಿ ಇಟ್ಟ ಹಾಗೆ. ನಿಧಾನವಾಗಿ ತಿನ್ನುವಾಗ ದಾರಿಯೇ ಬೇರೆ. ಆಗ ನೂರಕ್ಕೆ 20ರವರೆಗೆ ಶಕ್ತಿ ಹೊರಗೆ ಬರುತ್ತದೆ, ಅದೂ ಶಾಖವಾಗಿ ಅಲ್ಲ, ನೂಕುಬಲವಾಗಿ. ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತಾ ಹೋಗಿ ಒಂದು ಮಟ್ಟ ಮುಟ್ಟಿದಾಗ ಪಕ್ಕದ ಅನಿಲವನ್ನು ಒಂದೇ ಸಲ ಒಂದು ದಿಕ್ಕಿಗೆ ಒದೆಯುತ್ತದೆ, ಮತ್ತೆ ಕೂಡಿಡುತ್ತದೆ, ಮುಂದಿನ ಸಲ ಇನ್ನೊಂದು ದಿಕ್ಕು. ಕುಕ್ಕರ್ ಒಳಗೆ ಹಬೆ ಸೇರಿ ಸೇರಿ ಒಂದು ಕೂಗು ಕೂಗುತ್ತದಲ್ಲ, ಹಾಗೆಯೇ. ಈ ಒದೆತ ಒಳಗಿನ ತಣ್ಣನೆ ಅನಿಲವನ್ನು ಹೊರಗೆ ಎಸೆಯುತ್ತದೆ, ಜೊತೆಗೆ ಹೊರಗಿನ ಅನಿಲಕ್ಕೆ ಬಡಿದು ಅದನ್ನು ಬಿಸಿ ಮಾಡಿ ತೆಳ್ಳಗಾಗಿಸುತ್ತದೆ. ತೆಳ್ಳಗಿನ ಬಿಸಿ ಅನಿಲ ಬೇಗ ಆರುವುದಿಲ್ಲ. ಇರುವ ಹಾಲೂ ಚೆಲ್ಲಿತು, ಬರಬೇಕಿದ್ದ ಹಾಲೂ ಆರುತ್ತಿಲ್ಲ.

ಒಂದು ಥರದಿಂದ ಇನ್ನೊಂದಕ್ಕೆ ಯಾವಾಗ ಜಾರುತ್ತದೆ ಅನ್ನುವುದು ಕಪ್ಪುಕುಳಿಯ ತೂಕದ ಮೇಲೆ ನಿಂತಿದೆ. ಒಂದು ಕಪ್ಪುಕುಳಿ ಇಷ್ಟಕ್ಕಿಂತ ಜಾಸ್ತಿ ವೇಗದಲ್ಲಿ ತಿನ್ನಲಾರದು ಅಂತ ಒಂದು ಮಿತಿ ಇದೆ. ತೂಕ 10 ಕೋಟಿ ಸೂರ್ಯರಷ್ಟಿದ್ದರೆ, ಆ ಮಿತಿಯ ಸಾವಿರಕ್ಕೆ 2 ಪಾಲಿಗಿಂತ ಕಡಿಮೆ ತಿಂದಾಗ ಎರಡನೆಯ ದಾರಿ. ತೂಕ ಏರಿದ ಹಾಗೆ ಈ ಗೆರೆಯೂ ಏರುತ್ತದೆ, ನೂರಕ್ಕೆ 10ರವರೆಗೆ. ಹಾಗಾಗಿ ಚಿಕ್ಕ ಕಪ್ಪುಕುಳಿ ಎರಡನೆಯ ದಾರಿಗೆ ಬೀಳುವುದು ಕಷ್ಟ, ದೊಡ್ಡದು ಬೇಗ ಬೀಳುತ್ತದೆ. ನನ್ನ ಗ್ರಾಫಿನ ಆ ಇಳಿಜಾರು ಬಂದದ್ದು ಇಲ್ಲಿಂದ.

ಇಲ್ಲೇ ಎಚ್ಚರವಾಗಿರಬೇಕು. ಇಳಿಜಾರನ್ನು ಕಂಡು ಪ್ರಕೃತಿಯ ಗುಟ್ಟು ಸಿಕ್ಕಿತು ಅಂತ ನಾನು ಮೊದಲು ಹಿಗ್ಗಿದ್ದೆ. ಆದರೆ ನಿಯಮ ಬರೆದದ್ದು ಮನುಷ್ಯರು. ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ 40 ಲಕ್ಷ ಸೂರ್ಯರಷ್ಟು ತೂಕ, ಅದರ ತ್ರಿಜ್ಯ ಬರೀ 1 ಕೋಟಿ 20 ಲಕ್ಷ ಕಿಲೋಮೀಟರ್. ಟಿಎನ್‌ಜಿ100ರಲ್ಲಿ ಅನಿಲದ ಒಂದು ಕೋಶವೇ, ಅಂದರೆ ಲೆಕ್ಕಕ್ಕೆ ಸಿಗುವ ಅತಿ ಚಿಕ್ಕ ತುಣುಕೇ, ಸುಮಾರು 14 ಲಕ್ಷ ಸೂರ್ಯರಷ್ಟು ತೂಕದ್ದು, ನೂರಾರು ಜ್ಯೋತಿರ್ವರ್ಷ ಅಗಲದ್ದು. ಕಪ್ಪುಕುಳಿಯ ಬಾಯಿಯ ಹತ್ತಿರ ಏನಾಗುತ್ತದೆ ಅನ್ನುವುದು ಈ ಜರಡಿಯಲ್ಲಿ ಸಿಗುವುದೇ ಇಲ್ಲ. ಅದಕ್ಕೇ ನಿಯಮ ಹೊರಗಿನಿಂದ ಕೊಡುತ್ತಾರೆ. ಕಪ್ಪುಕುಳಿ ಹುಟ್ಟುವುದೂ ಹಾಗೇ: ಒಟ್ಟಾಗಿ ಸೇರಿದ ದ್ರವ್ಯದ ಒಂದು ಗುಂಪಿನ ಒಟ್ಟು ತೂಕ ಸುಮಾರು 7,400 ಕೋಟಿ ಸೂರ್ಯರಷ್ಟಾದಾಗ ಅದರ ನಡುವೆ 12 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿಯನ್ನು ಬಿತ್ತನೆ ಬೀಜದ ಹಾಗೆ ಇಡುತ್ತಾರೆ. ಅದು ಅತ್ತಿತ್ತ ಹೋಗದಂತೆ ಮತ್ತೆ ಮತ್ತೆ ನಡುವಿಗೇ ತಂದು ಕೂರಿಸುತ್ತಾರೆ. ಇದೆಲ್ಲವನ್ನೂ ಅವರೇ ಬಿಡಿಸಿ ಬರೆದಿದ್ದಾರೆ, ಏನನ್ನೂ ಮುಚ್ಚಿಟ್ಟಿಲ್ಲ. ನನಗೆ ಈ ಸೇವೆಯ ಮೇಲೆ ನಂಬಿಕೆ ಬಂದದ್ದೇ ಆ ಬರಹ ಓದಿ.

ಇದಕ್ಕೂ ಹಿಂದಿನದು, ಬರೀ ಇಲ್ಲಸ್ಟ್ರಿಸ್ ಅನ್ನುವುದು, 2014ರಲ್ಲಿ ಹೆಸರು ಮಾಡಿತ್ತು. ಅದರಲ್ಲಿ ನಿಧಾನ ತಿನ್ನುವ ಕಪ್ಪುಕುಳಿ ದೂರದಲ್ಲಿ ಬಿಸಿ ಗುಳ್ಳೆಗಳನ್ನು ಊದುತ್ತಿತ್ತು. ಆ ಗುಳ್ಳೆಗಳು ಗ್ಯಾಲಕ್ಸಿ ಗುಂಪುಗಳ ಅನಿಲವನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊರಗೆ ಎಸೆದವು. ಅಷ್ಟಾದರೂ ದೊಡ್ಡ ಗ್ಯಾಲಕ್ಸಿಗಳಲ್ಲಿ ನಕ್ಷತ್ರ ಹುಟ್ಟುವುದು ಸಾಕಷ್ಟು ನಿಲ್ಲಲಿಲ್ಲ. ಆ ತಪ್ಪು ತಿದ್ದಲು ಬರೆದದ್ದೇ ಈಗಿನ ಒದೆತದ ನಿಯಮ. ಹಳೆಯದರ ಡೇಟಾವನ್ನೂ ತೆಗೆದುಹಾಕಿಲ್ಲ, ಅಲ್ಲೇ ಪಕ್ಕದಲ್ಲಿದೆ. ಒಂದೇ ಗ್ರಾಫನ್ನು ಎರಡರಲ್ಲೂ ಹಾಕಿ ನೋಡಿ, ಒಂದು ನಿಯಮ ಬದಲಾದರೆ ವಿಶ್ವವೇ ಎಷ್ಟು ಬದಲಾಗುತ್ತದೆ ಅಂತ ಗೊತ್ತಾಗುತ್ತದೆ. ಹೊಸದೂ ಪಕ್ಕಾ ಅಲ್ಲ. 2020ರಲ್ಲಿ ಬಂದ ಒಂದು ಅಧ್ಯಯನ ನಿಜವಾದ ಗ್ಯಾಲಕ್ಸಿಗಳ ಜೊತೆ ಹೋಲಿಸಿ, ಟಿಎನ್‌ಜಿಯ ಇಳಿಜಾರು ಅತಿ ಕಡಿದಾಗಿದೆ ಅಂತ ತೋರಿಸಿತು. ನಿಜದ ಆಕಾಶದಲ್ಲಿ ಅದು ಇಷ್ಟು ಗೆರೆ ಎಳೆದ ಹಾಗಿಲ್ಲ, ಚದುರಿಕೊಂಡಿದೆ.

ಹಾಗಾದರೆ ನಿಜದ ಆಕಾಶ ಏನು ಹೇಳುತ್ತದೆ? ಸಿಮ್ಯುಲೇಶನ್ ನೋಡುವವರು ಇದನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛ ಇದೆಯಲ್ಲ, ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಅದರ ನಡುವಿನ ಗ್ಯಾಲಕ್ಸಿಯ ಕಪ್ಪುಕುಳಿ ಸುತ್ತಲಿನ ಬಿಸಿ ಅನಿಲದಲ್ಲಿ ದೊಡ್ಡ ಗುಳ್ಳೆಗಳನ್ನು ಊದಿದೆ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರ ಎಕ್ಸ್‌ರೇ ದೂರದರ್ಶಕ 2003ರಲ್ಲಿ ಆ ಅನಿಲದಲ್ಲಿ ಕೆರೆಗೆ ಕಲ್ಲು ಹಾಕಿದಾಗ ಏಳುವಂಥ ಅಲೆಗಳನ್ನು ಕಂಡಿತು. ಅದು ನಿಜವಾಗಿಯೂ ಶಬ್ದವೇ. ಒಂದು ಅಲೆ ದಾಟಲು ಸುಮಾರು 1 ಕೋಟಿ ವರ್ಷ. ಆ ಅನಿಲ ತನ್ನಷ್ಟಕ್ಕೆ ಆರಲು ಬಿಟ್ಟಿದ್ದರೆ ಅಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ನಕ್ಷತ್ರ ಹುಟ್ಟಬೇಕಿತ್ತು. ಅಷ್ಟು ಹುಟ್ಟುತ್ತಿಲ್ಲ. ಒಲೆ ಉರಿಯುತ್ತಲೇ ಇದೆ.

ನಮ್ಮ ದೇಶದ ಪಾಲೂ ಇದೆ. ಪುಣೆ ಹತ್ತಿರದ ಖೊಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇದೆಯಲ್ಲ, 45 ಮೀಟರ್ ಅಗಲದ 30 ಡಿಶ್‌ಗಳು. ಒಫಿಯೂಕಸ್ ಗುಚ್ಛದಲ್ಲಿ ಕಪ್ಪುಕುಳಿ ಅಗೆದ ಅತಿ ದೊಡ್ಡ ಪೊಳ್ಳನ್ನು 2020ರಲ್ಲಿ ಖಚಿತ ಮಾಡಿದಾಗ, ಚಂದ್ರದ ಜೊತೆ ಜಿಎಂಆರ್‌ಟಿಯ ರೇಡಿಯೋ ಡೇಟಾವನ್ನೂ ಬಳಸಿದ್ದರು. ಇನ್ನು ನಮ್ಮ ರಾಜ್ಯದ್ದು: ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕ್ಯಾಂಪಸ್ಸಿನಲ್ಲಿ ಜೋಡಿಸಿದ್ದು. ಎಳೆಯ ನಕ್ಷತ್ರಗಳು ಅತಿನೇರಳೆ ಬೆಳಕಿನಲ್ಲಿ ಚೆನ್ನಾಗಿ ಹೊಳೆಯುತ್ತವೆ, ಇದು ಅದನ್ನೇ ನೋಡುತ್ತದೆ. ಜೆಓ201 ಅಂತ ಒಂದು ಗ್ಯಾಲಕ್ಸಿ, ಜೆಲ್ಲಿ ಮೀನಿನ ಹಾಗೆ ಬಾಲ ಬಿಟ್ಟುಕೊಂಡಿದೆ. ಅದರ ನಡುಭಾಗದಲ್ಲಿ ಅತಿನೇರಳೆ ಬೆಳಕು ಇಲ್ಲದ ಒಂದು ಖಾಲಿ ಜಾಗ ಯುವಿಐಟಿಗೆ ಕಂಡಿತು. ನಡುವಿನ ಕಪ್ಪುಕುಳಿಯ ಚಟುವಟಿಕೆ ಅಲ್ಲಿ ನಕ್ಷತ್ರ ಹುಟ್ಟುವುದನ್ನು ತಡೆದಿದೆ ಅಂತ 2019ರಲ್ಲಿ ವಿಜ್ಞಾನಿಗಳು ಬರೆದರು. ಆಸ್ಟ್ರೋಸ್ಯಾಟ್ ಡೇಟಾ ಕೂಡ ಬ್ಯಾಲಾಳುವಿನ ಡೇಟಾ ಕೇಂದ್ರದ ಮೂಲಕ ಸಾರ್ವಜನಿಕರಿಗೆ ಸಿಗುತ್ತದೆ. ಟಿಎನ್‌ಜಿ ಕಲಿತ ಮೇಲೆ ನಾನು ಹೋಗಬೇಕು ಅಂದುಕೊಂಡಿರುವುದು ಅಲ್ಲಿಗೆ.

ಕಪ್ಪುಕುಳಿ ಎಲ್ಲ ಕಡೆಯೂ ತಡೆಯುತ್ತದೆ ಅಂತಲೂ ಅಲ್ಲ. ಫೀನಿಕ್ಸ್ ಗುಚ್ಛದಲ್ಲಿ ಒಲೆಯ ಉರಿ ಸಾಲುತ್ತಿಲ್ಲ, ನಡುವಿನ ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ನಕ್ಷತ್ರ ಹುಟ್ಟುತ್ತಿವೆ. ಸೆಂಟಾರಸ್ ಎ ಗ್ಯಾಲಕ್ಸಿಯ ಹೊರಗೆ, ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಚಿಲುಮೆ (ಜೆಟ್) ಹಾದ ದಾರಿಯಲ್ಲಿ, ಅನಿಲ ಅದುಮಿಕೊಂಡು ಹೊಸ ನಕ್ಷತ್ರಗಳೇ ಹುಟ್ಟಿವೆ. ಒಂದೇ ಕೈ ಒಂದು ಕಡೆ ತಡೆಯುತ್ತದೆ, ಇನ್ನೊಂದು ಕಡೆ ಹುಟ್ಟಿಸುತ್ತದೆ. ಟಿಎನ್‌ಜಿಯಲ್ಲಿ ಸೆಂಟಾರಸ್ ಎ ಥರದ ಸಣ್ಣ ವಿವರ ಹುಡುಕಲು ಹೋಗಬೇಡಿ, ಆ ಜರಡಿ ಅದಕ್ಕೆ ದೊಡ್ಡದಾಯಿತು.

ಆದರೆ ಬರೆದ ನಿಯಮದಿಂದ ಯಾರೂ ಬರೆಯದ ಫಲ ಬಂದಾಗ ಮಾತ್ರ ನಿಜಕ್ಕೂ ಖುಷಿಯಾಗುತ್ತದೆ. ಎರಡು ಹೇಳುತ್ತೇನೆ. ನಮ್ಮ ಆಕಾಶಗಂಗೆಯ ಮೇಲೆ ಕೆಳಗೆ ಎರಡು ದೈತ್ಯ ಗುಳ್ಳೆಗಳಿವೆ. 2010ರಲ್ಲಿ ಫರ್ಮಿ ಉಪಗ್ರಹದ ಡೇಟಾದಲ್ಲಿ ಒಂದು ಜೋಡಿ ಸಿಕ್ಕಿತು, 2020ರಲ್ಲಿ ಇರೋಸಿಟಾ ದೂರದರ್ಶಕಕ್ಕೆ ಎಕ್ಸ್‌ರೇಯಲ್ಲಿ ಅದಕ್ಕೂ ದೊಡ್ಡ ಜೋಡಿ ಕಂಡಿತು. ಟಿಎನ್‌ಜಿ50ರಲ್ಲಿ ನಮ್ಮ ಆಕಾಶಗಂಗೆಯಂಥ ಗ್ಯಾಲಕ್ಸಿಗಳನ್ನು ಆರಿಸಿ ನೋಡಿದರೆ, ಸುಮಾರು ಮೂರರಲ್ಲಿ ಎರಡು ಪಾಲು ಗ್ಯಾಲಕ್ಸಿಗಳಲ್ಲಿ ಇಂಥ ಗುಳ್ಳೆಗಳೇ ಎದ್ದಿವೆ. ಗುಳ್ಳೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಯಾವ ದಿಕ್ಕಿಗೆ ಒದ್ದರೂ, ತಟ್ಟೆಯ ಹಾಗೆ ಚಪ್ಪಟೆಯಾದ ಗ್ಯಾಲಕ್ಸಿಯ ಉದ್ದಕ್ಕೆ ದಟ್ಟ ಅನಿಲ ಅಡ್ಡ ಬರುತ್ತದೆ, ಹಾಗಾಗಿ ಒದೆತದಿಂದ ಎದ್ದ ಗಾಳಿ ಸುಲಭದ ದಾರಿ ಹಿಡಿದು ಮೇಲಕ್ಕೂ ಕೆಳಕ್ಕೂ ಹೋಗುತ್ತದೆ.

ಎರಡನೆಯದು ಇದಕ್ಕೆ ಅಂಟಿಕೊಂಡೇ ಇದೆ. ದೊಡ್ಡ ಗ್ಯಾಲಕ್ಸಿಯ ಸುತ್ತ ತಿರುಗುವ ಚಿಕ್ಕ ಗ್ಯಾಲಕ್ಸಿಗಳಲ್ಲಿ, ತಟ್ಟೆಯ ಮೇಲೆ ಕೆಳಗೆ ಇರುವವು ಪಕ್ಕದಲ್ಲಿರುವವಕ್ಕಿಂತ ಜಾಸ್ತಿ ಜೀವಂತವಾಗಿವೆ, ಅವುಗಳಲ್ಲಿ ನಕ್ಷತ್ರ ಹುಟ್ಟುವುದು ನಿಂತಿರುವುದು ಕಡಿಮೆ. 2021ರಲ್ಲಿ ನಿಜವಾದ ಆಕಾಶದ ಸಮೀಕ್ಷೆಯಲ್ಲಿ ಇದನ್ನು ಕಂಡರು, ಟಿಎನ್‌ಜಿಯಲ್ಲೂ ಅದೇ ಸಿಕ್ಕಿತು. ಅವರು ಕೊಟ್ಟ ವಿವರಣೆ: ಕಪ್ಪುಕುಳಿಯ ಗಾಳಿ ಮೇಲೆ ಕೆಳಗೆ ಅನಿಲವನ್ನು ಗುಡಿಸಿ ತೆಳ್ಳಗೆ ಮಾಡಿರುತ್ತದೆ, ಆ ದಾರಿಯಲ್ಲಿ ಓಡಾಡುವ ಚಿಕ್ಕ ಗ್ಯಾಲಕ್ಸಿಗೆ ಎದುರುಗಾಳಿ ಕಡಿಮೆ, ಅದರ ಸ್ವಂತ ಅನಿಲ ಕಿತ್ತುಹೋಗುವುದಿಲ್ಲ. ತನ್ನ ಮನೆಯ ಒಲೆ ಆರದಂತೆ ಮಾಡಿದ ಕಪ್ಪುಕುಳಿಯೇ ಪಕ್ಕದ ಮನೆಯ ಹಾಲನ್ನು ಕಾಪಾಡಿತು. ಇದನ್ನು ಓದಿದ ದಿನ ಅಕ್ಕನ ಮಗಳಿಗೆ ನಾನೇ ಫೋನ್ ಮಾಡಿದೆ.

ಬಳಸುವವರಿಗೆ ಇನ್ನೊಂದೆರಡು ಮಾತು. ತೂಕವೆಲ್ಲ 1,000 ಕೋಟಿ ಸೂರ್ಯರ ಲೆಕ್ಕದಲ್ಲಿ ಇರುತ್ತದೆ, ಅದನ್ನು ಮತ್ತೆ 0.6774ರಿಂದ ಭಾಗಿಸಬೇಕು. ನಕ್ಷತ್ರ ಹುಟ್ಟುವ ವೇಗಕ್ಕೆ ಮಾತ್ರ ಭಾಗಿಸಬಾರದು, ಅದು ನೇರವಾಗಿ ವರ್ಷಕ್ಕೆ ಸೂರ್ಯರ ಲೆಕ್ಕ. ಕಪ್ಪುಕುಳಿಯ ತೂಕ ಅಂತ ಕೊಡುವುದು ಆ ಗ್ಯಾಲಕ್ಸಿಯಲ್ಲಿರುವ ಎಲ್ಲಾ ಕಪ್ಪುಕುಳಿಗಳ ಮೊತ್ತ, ಈಗಷ್ಟೇ ಇನ್ನೊಂದನ್ನು ನುಂಗಿದ ಗ್ಯಾಲಕ್ಸಿಯಲ್ಲಿ ಇದು ದಾರಿ ತಪ್ಪಿಸಬಹುದು. 'ಫ್ಲ್ಯಾಗ್' ಅಂತ ಒಂದು ಕಾಲಂ ಇದೆ, ಅದರಲ್ಲಿ ಸೊನ್ನೆ ಇದ್ದರೆ ಅದು ಗ್ಯಾಲಕ್ಸಿಯೇ ಅಲ್ಲ, ಯಾವುದೋ ಗ್ಯಾಲಕ್ಸಿಯ ಮುರಿದ ಚೂರು. ಮೊದಲು ಅವನ್ನು ಜರಡಿ ಹಿಡಿಯಿರಿ. ವಿವರಣೆಗಳೆಲ್ಲ ಇಂಗ್ಲಿಷಿನಲ್ಲೇ ಇವೆ, ಆದರೆ ಮಾದರಿ ಕೋಡ್ ಸಾಲು ಸಾಲಾಗಿ ಕೊಟ್ಟಿದ್ದಾರೆ, ಅದನ್ನು ಹಾಗೇ ಓಡಿಸಿ ಒಂದೊಂದು ಅಂಕಿ ಬದಲಿಸುತ್ತಾ ಹೋದರೆ ಭಾಷೆ ಅಷ್ಟು ಅಡ್ಡ ಬರುವುದಿಲ್ಲ.

ನಕ್ಷತ್ರ ಕೊಡಿ ಅಂದರೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುವವರು ದಯವಿಟ್ಟು ಒಮ್ಮೆ ತೆರೆದು ನೋಡಿ, ಒಂದು ಪಾಠದ ಹೊತ್ತಿನಲ್ಲಿ ಬ್ರೌಸರಿನ ಆ ಗ್ರಾಫ್ ಹಾಕಿ ತೋರಿಸಬಹುದು. ಅರ್ಧ ಕಳೆದದ್ದು ಆ ಅತಿ ಕಡಿದಾದ ಇಳಿಜಾರಿಗೆ. ನೋಡಿದವರು ಇದೇ ಪ್ರಕೃತಿ ಅಂತ ನಂಬಿಬಿಡುವುದು ತುಂಬಾ ಸುಲಭ, ನಾನೇ ನಂಬಿದ್ದೆ.

ಕಳೆದ ವಾರ ಅಕ್ಕನ ಮಗಳು ಅದೇ ಗ್ರಾಫಿನಲ್ಲಿ ಒಂಟಿ ಚುಕ್ಕಿ ಒಂದನ್ನು ಹಿಡಿದಿದ್ದಾಳೆ. ಕಪ್ಪುಕುಳಿ 16 ಕೋಟಿಯ ಗೆರೆ ದಾಟಿದೆ, ಆದರೂ ನಕ್ಷತ್ರ ಹುಟ್ಟುತ್ತಲೇ ಇದೆ. "ಮಾಮ, ಇದು ಈಗಷ್ಟೇ ದಾಟಿದ್ದಾ, ಅಥವಾ ಹೊರಗಿನಿಂದ ಯಾರಾದ್ರೂ ತಣ್ಣನೆ ಗ್ಯಾಸ್ ತಂದುಕೊಟ್ರಾ?" ಅಂತ ಕೇಳಿದಳು. ಈ ಸಲ ನಾನು ಬಾಯಿಗೆ ಬಂದ ಉತ್ತರ ಕೊಡಲಿಲ್ಲ. ಭಾನುವಾರ ಇಬ್ಬರೂ ಕೂತು ಅದರ ಮರ್ಜರ್ ಟ್ರೀ ತೆಗೆಯುತ್ತೇವೆ.